ಒರೆಸಿ ಬರೆದ ಸಾಲು

ಮಾತು ನಿಂತವರ ಮಾತನ್ನು ಹಿಡಿದಿಡುವ ಯಂತ್ರ ಗದಗಕ್ಕೆ ಬಂದ ದಿನ ನಾನೂ ಅಲ್ಲಿದ್ದೆ. ಅದನ್ನು ಶಿವನ ಕೃಪೆಯೆಂದೇ ತಿಳಿದು ಕೈಮುಗಿದೆ. ಈಗ ಆ ಕಟ್ಟಡದ ಮುಂದೆ ಹಾಯಬೇಕಾದರೆ ಮೂಗಿಗೆ ವಸ್ತ್ರ ಹಿಡಿಯುತ್ತೇನೆ. ಅಲ್ಲಿ ದುರ್ವಾಸನೆ ಏನೂ ಇಲ್ಲ. ಅಂಗಳದಲ್ಲಿ ಗಿಡ ನೆಟ್ಟಿದ್ದಾರೆ, ಹೂ ಬಿಟ್ಟಿವೆ. ಆದರೂ ಹಿಡಿಯುತ್ತೇನೆ.

ಯಂತ್ರದ ಕೆಲಸ ಇಷ್ಟು. ಮನುಷ್ಯ ಮಾತಾಡಬೇಕೆಂದು ಮನಸ್ಸು ಮಾಡಿದೊಡನೆ, ನಾಲಿಗೆ ಏಳದಿದ್ದರೂ, ಗಂಟಲಿನ ಸ್ನಾಯುಗಳು ಕೂದಲೆಳೆಯಷ್ಟು ಅಲುಗುತ್ತವೆ. ಕುತ್ತಿಗೆಗೆ ಕಟ್ಟುವ ಒಂದು ಮೆತ್ತನೆಯ ಪಟ್ಟಿ ಆ ಅಲುಗಾಟವನ್ನು ಹಿಡಿದು ಅಕ್ಷರ ಮಾಡುತ್ತದೆ. ಹಾಸಿಗೆಯ ಪಕ್ಕದ ಪುಟ್ಟ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಇನ್ನೊಂದು ಸಾಲು ಬಂದರೆ ಮೊದಲಿನದು ಹೋಗುತ್ತದೆ, ಬಾರದಿದ್ದರೆ ಸ್ವಲ್ಪ ಹೊತ್ತಿಗೆ ಪರದೆ ತಾನೇ ಆರುತ್ತದೆ. ಹೋದ ಸಾಲುಗಳು ಹುಲಕೋಟಿ ರಸ್ತೆಯ ಮೌನವಾಣಿ ಕೇಂದ್ರದಲ್ಲಿ ಆ ರೋಗಿಯ ಹೆಸರಿನ ಕಡತಕ್ಕೆ ಸೇರುತ್ತವೆ ಎಂದು ನಮಗೆ ಹೇಳಲಾಗಿತ್ತು. ಲಕ್ವ ಹೊಡೆದವರು, ಗಂಟಲು ಕೊಯ್ಯಿಸಿಕೊಂಡವರು ಯಾರಿದ್ದರೂ ಅರ್ಜಿ ಹಾಕಿದರೆ ಪಟ್ಟಿ ಸಿಗುತ್ತಿತ್ತು.

ಕೇಂದ್ರದ ಆರಂಭದ ದಿನ ಮುಹೂರ್ತ ನೋಡಿದ್ದರು. ನಿವೃತ್ತ ಶಿಕ್ಷಕನೆಂದು ನನಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಿಯಂತ್ರಣ ಕೊಠಡಿಯ ಬಾಗಿಲಿಗೆ ಮಾವಿನ ತೋರಣ, ಪರದೆಗಳಿಗೆಲ್ಲ ವಿಭೂತಿ, ಕುಂಕುಮ. ಕೇಂದ್ರದ ನಿರ್ದೇಶಕರು ಸುಧನ್ವ ಹಂಪಿಹೊಳಿ ಎಂಬವರು ತಾವೇ ಪಟ್ಟಿ ಕಟ್ಟಿಕೊಂಡು ಕಣ್ಣು ಮುಚ್ಚಿ ಕುಳಿತರು. ತುಟಿ ಅಲುಗಲಿಲ್ಲ. ಪರದೆಯ ಮೇಲೆ ‘ಓಂ ನಮಃ ಶಿವಾಯ’ ಮೂಡಿತು. ಬಳಿಕ ಕಡತ ತೆರೆದು ತೋರಿಸಿದರು. ಅದರಲ್ಲಿಯೂ ಅದೇ ಸಾಲು ಇತ್ತು. ಚಪ್ಪಾಳೆ ಬಿತ್ತು.

ಹಿಂದಿನಿಂದ ಯಾರೋ ಕೂಗಿದರು, “ಇನ್ನೊಂದೆರಡು ಮಾತು ಬರಸ್ರಿ ಸಾಹೇಬ್ರ, ನೋಡೂಣು!”

ಪೂಜೆಗೆ ಬಂದ ಅಯ್ಯನವರು ಕೈ ಅಡ್ಡ ಮಾಡಿದರು. “ಮುಹೂರ್ತದ ಸಾಲಿನ ಕೆಳಗ ಇವತ್ತ ಇನ್ನೊಂದು ಬರೀಬಾರದು. ಶಿವನ ಹೆಸರಿನ ಮ್ಯಾಲ ನಿಮ್ಮ ಹರಟಿ ಯಾಕ?”

ಎಲ್ಲರೂ ಹೌದೆಂದರು. ತೆಂಗಿನಕಾಯಿ ಒಡೆದು, ಮಂಗಳಾರತಿ ಮಾಡಿ, ಪೇಢೆ ಹಂಚಿದರು. ಆ ಪೇಢೆಯಲ್ಲಿ ಒಂದನ್ನು ವಸ್ತ್ರದ ತುದಿಗೆ ಕಟ್ಟಿಕೊಂಡು ಬಂದು ನನ್ನ ಹೆಂಡತಿ ನಾಗಲವ್ವನಿಗೆ ಕೊಟ್ಟೆ. ಆಗ ಆಕೆ ಗಟ್ಟಿಮುಟ್ಟಾಗಿದ್ದಳು. ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, “ಮಾತ ಬರದವ್ರಿಗೆ ಮಾತ ಕೊಡ್ತಾರಂತ. ಮೊದಲ ಮಾತ ಬರೋರ ಬಾಯಿಗೊಂದು ಕೀಲಿ ಕೊಡ್ರಿ ಅಂತ ಹೇಳಬೇಕಿತ್ರಿ ನೀವು” ಎಂದಳು.

ಆಕೆಯ ಬಾಯಿ ಹಾಗೆ. ನಾವಿರುವ ಇಡೀ ಬೆಟಗೇರಿಗೆ ಗೊತ್ತು. ಸಿಟ್ಟು ಬಂದರೆ ನನ್ನನ್ನು ‘ಮಾಸ್ತರ’ ಎನ್ನುತ್ತಿದ್ದಳು, ಬರದಿದ್ದರೆ ಏನೂ ಅನ್ನುತ್ತಿರಲಿಲ್ಲ.

ಮುಂದಿನ ವರ್ಷ ಆಕೆಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು, ನಾಲಿಗೆ ಹೋಯಿತು, ಅರಿವು ಮಾತ್ರ ಕನ್ನಡಿಯಂತೆ ಉಳಿಯಿತು. ಅಳಿಯ ಪಂಪಾಪತಿ ಓಡಾಡಿ ಅರ್ಜಿ ಹಾಕಿದ. ಅವನಿಗೆ ಬೀಜದ ಅಂಗಡಿ ಇದೆ. ಅವನು, ನನ್ನ ಮಗಳು ಶಾಂಭವಿ, ನಾವಿಬ್ಬರು, ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಕೇಂದ್ರದವರು ಬಂದು ಪಂಪಾಪತಿಯನ್ನು ಕೂರಿಸಿಕೊಂಡು ಏನೇನೋ ವಿಚಾರಿಸಿದರು. ಮನೆದೇವರು ಯಾರು, ರೋಗಿಗೆ ಯಾರ ಮೇಲೆ ಪ್ರೀತಿ, ಯಾರ ಮೇಲೆ ಮುನಿಸು ಎಂದೆಲ್ಲ. ಇದೆಲ್ಲ ಯಾಕೆ ಬೇಕು ಎಂದು ನಾನು ಕೇಳಿದ್ದಕ್ಕೆ, ಯಂತ್ರಕ್ಕೆ ಮನೆಯ ರೂಢಿ ತಿಳಿಯಬೇಕು ಎಂದರು.

ಪಟ್ಟಿಗೆ ಆಕೆಯ ಗಂಟಲು ಹೊಂದಿಕೊಳ್ಳಲು ಕೆಲವು ದಿನ ಹಿಡಿಯಿತು. ಒಂದು ಮುಂಜಾನೆ ಪರದೆಯ ಮೇಲೆ ಮೊದಲ ಸಾಲು ಬಂತು:

‘ಈ ಪಟ್ಟಿ ತುರಸ್ತೈತಿ.’

ನಾನು ನಕ್ಕೆ, ಅತ್ತೆ. ಶಾಂಭವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎರಡನೆಯ ಸಾಲು ಬಂತು:

‘ನಿಮ್ಮ ಮಗಳಿಗೆ ಹೇಳ್ರಿ, ಗಂಜಿ ನೀರಾಗೇತಿ.’

ಶಾಂಭವಿ ಒಳಗೆ ಹೋದಳು.

ಇದನ್ನು ಬಿಡಿಸಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾಗಲವ್ವನಿಗೆ ಪಿತ್ತಕೋಶದ ಶಸ್ತ್ರಕ್ರಿಯೆಯಾಗಿತ್ತು. ಒಳಗೆ ಒಯ್ಯುವಾಗ ಮೈಮೇಲೆ ಏನೂ ಇರಬಾರದೆಂದು ದಾದಿ ಅವಸರ ಮಾಡಿದಳು. ಮಂಪರಿನಲ್ಲಿದ್ದ ತಾಯಿಯ ಕೊರಳಿನಿಂದ, ಜೀವ ಇರುವವರೆಗೆ ಮೈ ಬಿಡಬಾರದ ಇಷ್ಟಲಿಂಗವನ್ನು ತೆಗೆದು ಶಾಂಭವಿ ತನ್ನ ಕೈಚೀಲದಲ್ಲಿ ಹಾಕಿಕೊಂಡಳು. ಚೀಲದಲ್ಲಿ ಬಾಚಣಿಕೆ ಇತ್ತು, ಕ್ಯಾಂಟೀನಿನ ವಡೆಯ ಪೊಟ್ಟಣ ಇತ್ತು. ಎಚ್ಚರವಾದ ತಾಯಿ ಎದೆ ತಡವಿಕೊಂಡಳು. ಲಿಂಗ ಕೈಗೆ ಬಂದಾಗ ಅದಕ್ಕೆ ಎಣ್ಣೆ ಹತ್ತಿತ್ತು. ಅಂದಿನಿಂದ ನಾಗಲವ್ವ ಮಗಳ ಜೊತೆ ನೇರವಾಗಿ ಒಂದು ಮಾತನ್ನೂ ಆಡಲಿಲ್ಲ. ಮಠಕ್ಕೆ ಹೋಗಿ ಮತ್ತೆ ಲಿಂಗ ಕಟ್ಟಿಸಿಕೊಂಡು ಬಂದಳು, ಆದರೆ ಮಾತು ಮಾತ್ರ ಕಟ್ಟಲಿಲ್ಲ. ಅಡುಗೆಮನೆಯಲ್ಲಿ ಇಬ್ಬರೇ ಇದ್ದರೂ ನನ್ನನ್ನು ಹೊರಗಿನಿಂದ ಕರೆಯುವಳು: “ನಿಮ್ಮ ಮಗಳಿಗೆ ಹೇಳ್ರಿ, ಹಾಲು ಉಕ್ಕಾಕತ್ತಾವು.” ನಾನು ಬಂದು ಹೇಳುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು.

ಶಾಂಭವಿ ತಾಯಿಯ ಸೇವೆಯನ್ನು ಚೆನ್ನಾಗಿ ಮಾಡಿದಳು. ಮೈ ಒರೆಸಿದಳು, ಮಲಮೂತ್ರ ತೆಗೆದಳು, ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿದಳು. ನಾನೂ ಮಾಡಿದೆ. ಆ ಕೋಣೆಯ ವಾಸನೆ ನನಗೆ ಒಂದು ದಿನವೂ ಹೇಸಿಗೆ ಎನಿಸಲಿಲ್ಲ. ದಿನಾ ಆಕೆಯ ಎಡಗೈಯಲ್ಲಿ ಲಿಂಗವಿಟ್ಟು ನಾನೇ ಪೂಜೆ ಮಾಡುತ್ತಿದ್ದೆ. ಶಾಂಭವಿಯ ಕಣ್ಣು ಮಾತ್ರ ಸದಾ ಪರದೆಯ ಮೇಲೆ. ಒಂದು ಸಲ ಹೆಸರು ಹಿಡಿದು ಕರೆಯಲಿ, ಬೈದರೂ ಸರಿ ಎಂದು ಕಾಯುತ್ತಿದ್ದಳು. ಪರದೆಯಿಂದ ಮಾಯವಾಗುವ ಸಾಲುಗಳನ್ನು ನಾನು ಬರೆದಿಡಲು ಹೊರಟಾಗ ಕೇಂದ್ರದಿಂದ ಬಂದ ಹುಡುಗ ತಡೆದ. “ಎಲ್ಲಾ ಉಳಿದಿರ್ತೈತ್ರಿ ಅಜ್ಜಾರ. ನೀವ್ಯಾಕ ಕಣ್ಣು ಕೆಡಿಸ್ಕೊಂತೀರಿ?”

ಊರಿನವರೆಲ್ಲ ಹೀಗೆಯೇ ಬರೆಯುವುದನ್ನು ಬಿಟ್ಟರು. ನೆನಪಿಡುವುದನ್ನೂ ಬಿಟ್ಟರು. ಹಾಸಿಗೆಯ ಬಳಿ ಕೂರುವುದನ್ನು ಬಿಟ್ಟವರೂ ಇದ್ದರು, ಆಮೇಲೆ ಓದಿದರಾಯಿತು ಎಂದು.

ಪುಷ್ಯಮಾಸದ ಒಂದು ಬೆಳಗು ನಾಗಲವ್ವ ಲಿಂಗೈಕ್ಯಳಾದಳು. ಆ ರಾತ್ರಿ ಪಕ್ಕದಲ್ಲಿ ಮಲಗಿದವಳು ಶಾಂಭವಿ. ದಣಿದು ಚಾಪೆಯ ಮೇಲೆ ಹಾಗೆಯೇ ನಿದ್ದೆ ಹೋಗಿದ್ದಳು. ಎದ್ದು ನೋಡುವಾಗ ಪರದೆ ಆರಿತ್ತು, ತಾಯಿಯೂ ಆರಿದ್ದಳು.

“ರಾತ್ರಿ ಪರದೆ ಬೆಳಕ ಬೀಳತಿತ್ತಪ್ಪಾ ಕಣ್ಣ ಮ್ಯಾಲ. ಏನೋ ಅಂತಿದ್ಳು ಅವ್ವ. ನಾ ಕಣ್ಣ ತಗೀಲಿಲ್ಲ” ಎಂದು ನನ್ನ ಮೊಣಕಾಲು ಹಿಡಿದು ಅತ್ತಳು.

“ಎಲ್ಲಾ ಕಡತದಾಗ ಇರ್ತೈತಿ, ಸುಮ್ಮನಿರು” ಎಂದೆ.

ಆಕೆಯ ಹೆಸರಿನಲ್ಲಿ ಜಂಗಮರನ್ನು ಪೂಜಿಸಿ ಊಟ ಹಾಕುವ ಗಣಾರಾಧನೆಗೆ ಇನ್ನೂ ಕೆಲವು ದಿನ ಇರುವಾಗ ಕೇಂದ್ರದಿಂದ ಒಂದು ಪುಸ್ತಕ ಬಂತು. ಕೇಸರಿ ಬಟ್ಟೆಯ ಗಟ್ಟಿ ರಟ್ಟು, ಮೇಲೆ ಬಂಗಾರದ ಅಕ್ಷರದಲ್ಲಿ ‘ಸ್ಮೃತಿ ಸಂಪುಟ: ಲಿಂಗೈಕ್ಯ ನಾಗಲವ್ವನವರ ಅಮರವಾಣಿ’. ಪುಟಗಳಿಗೆ ಗಂಧದ ಅತ್ತರು ಹಚ್ಚಿದ್ದರು. ಪಂಪಾಪತಿ ಅದನ್ನು ದೇವರ ಜಗಲಿಯ ಮೇಲಿಟ್ಟು ಹೂ ಏರಿಸಿದ. ಬೆಟಗೇರಿಯ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕಗಳು ಜಗಲಿ ಸೇರಿವೆ, ಅವಕ್ಕೆ ದಿನವೂ ಊದಿನಕಡ್ಡಿ ಬೆಳಗುತ್ತಾರೆ.

ಸಂಜೆ ಶಾಂಭವಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಓದಿ ಅಳುತ್ತಿದ್ದಳು. ಆ ಅಳುವಿನಲ್ಲಿ ಸಂತೋಷವಿತ್ತು. “ಅಪ್ಪಾ, ಇಲ್ಲಿ ನೋಡು. ನನ್ನ ಹೆಸರು ಹಿಡಿದಾಳ.”

ಅಲ್ಲಿ ಹೀಗಿತ್ತು: ‘ಬಂಗಾರದಂಥ ಮಗಳೇ ಶಾಂಭವಿ, ಹಿಂದಿನದನ್ನೆಲ್ಲ ಮರೆತಿದ್ದೇನೆ. ನಿನ್ನ ಸೇವೆಯಿಂದ ನನ್ನ ಜನ್ಮ ಸಾರ್ಥಕವಾಯಿತು.’

ಪುಸ್ತಕವನ್ನು ನಾನು ತೆಗೆದುಕೊಂಡೆ. ಪುಟಪುಟದಲ್ಲೂ ಶಿವಸ್ತುತಿ. ಪುಟಪುಟದಲ್ಲೂ ಕೃತಜ್ಞತೆ. ವೈದ್ಯರಿಗೆ ಕೃತಜ್ಞತೆ, ಕೇಂದ್ರದ ಸಿಬ್ಬಂದಿಗೆ ಕೃತಜ್ಞತೆ. ನನ್ನನ್ನು ‘ಪತಿದೇವರೇ’ ಎಂದು ಕರೆದಿದ್ದಳು. ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದೆ. ಪಟ್ಟಿ ತುರಿಸುವ ಮಾತು ಎಲ್ಲಿಯೂ ಇರಲಿಲ್ಲ. ಗಂಜಿ ಇರಲಿಲ್ಲ. ನಾನು ನನ್ನ ಕಣ್ಣಿನಿಂದ ಓದಿದ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಅತ್ತರಿನ ವಾಸನೆ ಗಂಟಲಿಗೆ ಇಳಿಯಿತು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ.

ಮರುದಿನ ಪೂಜೆ ಮುಗಿಸಿ ಹುಲಕೋಟಿ ರಸ್ತೆಗೆ ಹೋದೆ.

ಹಂಪಿಹೊಳಿಯವರು ನನ್ನನ್ನು ನಿಯಂತ್ರಣ ಕೊಠಡಿಯಲ್ಲಿಯೇ ಕೂರಿಸಿ ಚಹಾ ತರಿಸಿದರು. ಗೋಡೆಯ ತುಂಬ ಪರದೆಗಳು. ಊರಿನ ಯಾವ ಯಾವ ಮನೆಯ ಹಾಸಿಗೆಯಲ್ಲಿ ಯಾರು ಯಾರು ಮಲಗಿದ್ದಾರೋ, ಅವರ ಸಾಲುಗಳು ಮಿನುಗಿ ಮಿನುಗಿ ಹೋಗುತ್ತಿದ್ದವು. ‘ನೀರು.’ ‘ಬಾಗಿಲಾ ಹಾಕು.’ ‘ಯಾರದು?’ ಪರದೆಗಳ ಮುಂದೆ ತಸ್ಲೀಮಾ ಎಂಬ ಹುಡುಗಿ ಕುಳಿತಿದ್ದಳು. ಅವಳ ಅಜ್ಜ ನನ್ನ ಶಾಲೆಯ ಹತ್ತಿರ ಬಳೆ ಅಂಗಡಿ ಇಟ್ಟಿದ್ದ.

“ಈ ಪುಸ್ತಕ ನನ್ನ ಹೆಂಡ್ತಿದಲ್ಲ” ಎಂದೆ.

ಅವರು ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ತಗ್ಗಿಸಲಿಲ್ಲ. “ಮಾಸ್ತರ್ರ, ನೀವು ತಿಳಿದವ್ರು. ನಿಮ್ಮ ಮುಂದ ಮುಚ್ಚಿಡೂದೇನೈತಿ? ಗಂಟಲಿನ ಅಲುಗಾಟ ಓದೂದೈತಲ್ಲ, ಅದು ದೊಡ್ಡ ವಿಜ್ಞಾನ. ಅದಕ್ಕ ನಾವು ವರ್ಷಗಟ್ಟಲೆ ಕುಂತೇವಿ. ಸಾಲನ್ನ ಕಡತಕ್ಕ ಉಳಿಸೂದು ಸಣ್ಣ ಕೆಲಸ. ಪ್ರೋಗ್ರಾಂ ಕಲಿಯೋ ಹುಡುಗರಿಗೆ ಮೊದಲನೇ ವಾರದ ಪಾಠ. ಅದನ್ನ ತರಬೇತಿಗೆ ಬಂದ ಹುಡುಗರಿಂದ ಬರಸಿದ್ವಿ.”

“ಬರಸಿದ್ರಿ. ಆಮೇಲೆ?”

“ಕಡತ ತೆರೆಯೋ ರೀತಿ ಎರಡದಾವ್ರಿ. ಒಂದು, ಇದ್ದದ್ದರ ಕೆಳಗ ಸೇರಿಸೂದು. ಇನ್ನೊಂದು, ಇದ್ದದ್ದು ಒರೆಸಿ ಮೊದಲಿಂದ ಬರೆಯೂದು. ಹುಡುಗರು ಎರಡನೇದು ಹಾಕಿಬಿಟ್ಟಾರ. ಅದೂ ಪ್ರತಿ ಸಾಲಿಗೂ ಹೊಸದಾಗಿ ತೆರೆಯೋ ಹಂಗ. ಪಾಟಿ ಮ್ಯಾಲ ಬರದಂಗ ಅಂತ ತಿಳೀರಿ. ಹೊಸ ಸಾಲು ಬಂತು, ಹಳೇದು ಹೋತು. ಕಡತದಾಗ ಯಾವಾಗ ನೋಡಿದ್ರೂ ಕಡೀ ಸಾಲು ಒಂದ.”

“ನೀವು ಪರೀಕ್ಷೆ ಮಾಡಿದ್ರಲ್ಲ. ನಾನೂ ಇದ್ದೆ.”

“ಒಂದ ಸಾಲಿನ ಪರೀಕ್ಷೆ ಅಲ್ಲೇನ್ರಿ ಅದು? ಒಂದ ಬರದ್ವಿ, ತಗದು ನೋಡಿದ್ವಿ, ಇತ್ತು. ಎರಡು ಬರದಿದ್ರ ಅವತ್ತ ಸಿಗತಿತ್ತು.” ಅವರು ನಕ್ಕರು. “ಆಮೇಲೂ ಹಂಗ. ಹೊಸ ರೋಗಿ ಬಂದಾಗೊಮ್ಮೆ ಕಡತ ತೆರದು ಶಿವನ ಹೆಸರು ಬರಸೂದು, ನೋಡೂದು, ಕೈ ಮುಗಿಯೂದು. ಕುಟುಂಬದವರು ಕಡತ ಕೇಳಿದಾಗ ಗೊತ್ತಾತು. ಅಷ್ಟರಾಗ ಭಾಳ ಮಂದಿ ಹೋಗಿಬಿಟ್ಟಿದ್ರು.”

ಶಿವನ ಹೆಸರನ್ನು ಅವರು ಒರೆಸುವ ಬಟ್ಟೆಯ ಹಾಗೆ ಬಳಸಿದ್ದರು. ಅದರ ಕೆಳಗೆ ಇನ್ನೊಂದು ಸಾಲು ಬರೆಯಬಾರದೆಂಬ ಮಡಿಯನ್ನು ಕಾದರು. ಆಮೇಲೆ ಆ ಹೆಸರನ್ನೇ ಅಳಿಸಿ ಅದರ ಮೇಲೆ ಜನರ ನರಳಾಟ ಬರೆದರು. ನನ್ನ ಕೈಯಲ್ಲಿನ ಚಹಾದ ಮೇಲೆ ಕೆನೆ ಕಟ್ಟಿತ್ತು. ಬಟ್ಟಲನ್ನು ಕೆಳಗಿಟ್ಟೆ.

“ಹಂಗಾದ್ರ ಈ ಪುಸ್ತಕ?”

“ಬರಿಗೈಲೆ ಕಳಸಾಕ ಆಗತೈತೇನ್ರಿ? ತುಂಬೋ ಯಂತ್ರ ಒಂದೈತಿ. ಮನೆಯವರು ಹೇಳಿದ್ದನ್ನ ಕೊಟ್ರ ಅವರ ಮನಸಿಗೆ ಹಿತ ಆಗೋ ಹಂಗ ಸಾಲು ಬರೀತೈತಿ. ಮುನಿಸಿತ್ತಂದ್ರ ರಾಜಿ ಮಾಡಸ್ತೈತಿ. ಎಷ್ಟು ಮನ್ಯಾಗ ಶಾಂತಿ ಸಿಕ್ಕೈತಿ ಗೊತ್ತೇನು? ಒಬ್ಬರೂ ತಕರಾರು ಮಾಡಿಲ್ಲ. ನೀವ ಮೊದಲನೇವ್ರು.”

“ಈಗರೆ ಆ ತಪ್ಪು ತಿದ್ದೀರೋ?”

ಅವರು ತಸ್ಲೀಮಾಳ ಕಡೆ ನೋಡಿದರು. ಅವಳು ಪರದೆಯಿಂದ ಮುಖ ತಿರುಗಿಸಲಿಲ್ಲ. ಅವರೇ ಹೇಳಿದರು: “ಈಗ್ಯಾಕ ಬೇಕ್ರಿ? ತುಂಬೋದ ಮಂದಿಗೆ ಹೆಚ್ಚು ಸೇರತೈತಿ. ಖರೆ ಸಾಲು ಓದಿದ್ರ ಮಂದಿ ತಡಕೊಳ್ಳೂದಿಲ್ಲ. ಬರೀ ನೀರು, ಉಚ್ಚಿ, ಬೈಗುಳ.” ಮುಂದಕ್ಕೆ ಬಾಗಿದರು. “ನಿಮಗ ಭಾಷೆ ಸರಿ ಅನಸಲಿಲ್ಲೇನು? ಹೇಳ್ರಿ, ಗದಗಿನ ಭಾಷೆದಾಗ ಮಾಡಿ ಕೊಡ್ತೀವಿ. ಬೈಗಳನೂ ಸ್ವಲ್ಪ ಹಾಕೂಣು. ಖರೇನ ಅನಸ್ತೈತಿ.”

ಹುಳ ಬಿದ್ದ ಹುಣ್ಣನ್ನು ನಾನು ಕೈಯಾರೆ ತೊಳೆದವನು. ಆದರೆ ನನ್ನ ಜೀವಮಾನದಲ್ಲಿ ಆ ಮಾತಿನಷ್ಟು ಅಸಹ್ಯವಾದದ್ದನ್ನು ಬೇರೆಲ್ಲಿಯೂ ಕಂಡಿಲ್ಲ. ಆ ಮನುಷ್ಯನ ಹಣೆಯಲ್ಲಿ ವಿಭೂತಿ ಇತ್ತು.

“ಕಡೀ ಸಾಲು ಒಂದು ಇರ್ತೈತಿ ಅಂದ್ರಿ. ಅಕಿದು ತೋರಸ್ರಿ” ಎಂದೆ.

“ಅದರಿಂದ ಸಮಾಧಾನ ಆಗೂದಿಲ್ರಿ.”

“ತೋರಸ್ರಿ.”

ಅವರು ಭುಜ ಕುಣಿಸಿ ಹೊರಗೆ ಹೋದರು. ತಸ್ಲೀಮಾ ನನಗಾಗಿ ಪಕ್ಕದ ಸ್ಟೂಲು ಎಳೆದಳು. “ಅಜ್ಜಾರ, ಇದು ತುಂಬೋ ಯಂತ್ರ ಮುಟ್ಟೋಕಿಂತ ಮುಂಚಿನ ಕಡತ. ನಾ ಯಾವುದನ್ನೂ ಅಳಿಸಿಲ್ಲ. ಎಲ್ಲಾರದೂ ಇಟ್ಟೀನಿ. ಇದನ್ನ ತೋರಸ್ರಿ ಅಂತ ಯಾರೂ ಕೇಳಾಕ ಬಂದಿಲ್ಲ.” ಅವಳು ಕಡತ ತೆರೆದಳು. ದೊಡ್ಡ ಬಿಳಿಯ ಹಾಳೆಯಂಥ ಪರದೆ. ನೆತ್ತಿಯಲ್ಲಿ ಒಂದೇ ಸಾಲು. ಕೆಳಗೆಲ್ಲ ಖಾಲಿ.

‘ಶಾಂಭವಿ, ಕಾಲ ಮ್ಯಾಲ ಹೊದಿಕಿ ಎಳ್ಕೊ. ಥಂಡಿ ಬಿದ್ದೈತಿ.’

ಪಕ್ಕದಲ್ಲಿ ಹೊತ್ತು ನಮೂದಾಗಿತ್ತು. ಆಕೆ ಹೋದ ದಿನದ ನಸುಕು.

ಇದಕ್ಕೂ ಮೊದಲಿನ ಸಾಲುಗಳೆಲ್ಲ ಹೋಗಿದ್ದವು. ತಿಂಗಳುಗಟ್ಟಲೆ ಆಡಿದ ಮಾತು, ನನ್ನ ಪೂಜೆಯ ಹೊತ್ತಿನಲ್ಲಿ ಆಡಿದ್ದು, ನಿದ್ದೆಯ ಹೊತ್ತಿನಲ್ಲಿ ಆಡಿದ್ದು, ಒಂದರ ಮೇಲೊಂದು ಒರೆಸಿ ಹೋಗಿ ಇದೊಂದು ಉಳಿದಿತ್ತು. ಇದರ ಬಳಿಕ ಆಕೆಗೆ ಇನ್ನೊಂದು ಉಸಿರು ಮಾತಾಡಲು ಸಿಕ್ಕಿದ್ದರೆ ಇದೂ ಹೋಗುತ್ತಿತ್ತು. ತಸ್ಲೀಮಾ ಅದನ್ನು ಒಂದು ಚೀಟಿಯ ಮೇಲೆ ಮುದ್ರಿಸಿ ಕೊಟ್ಟಳು. ಕಿಸೆಯಲ್ಲಿ ಎದೆಯ ಕಡೆಗೆ ಇಟ್ಟುಕೊಂಡು ಬಂದೆ.

ಅಡುಗೆಮನೆಯಲ್ಲಿ ಶಾಂಭವಿ ಗೋಧಿ ಆರಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಹಂಪಿಹೊಳಿಯವರ ಕಡೆಯ ಮಾತನ್ನೂ. ಬಳಿಕ ಚೀಟಿ ಕೊಟ್ಟೆ. ಓದಿದಳು. ಮೊರ ಅವಳ ಕೈಯಲ್ಲಿ ನಿಂತಿತು. ಮುಖ ಅರಳುವುದೆಂದು ಕಾದೆ. ಅರಳಲಿಲ್ಲ.

“ಇದನ್ನೂ ಅವ್ರ ಬರದಿಲ್ಲಂತ ಹೆಂಗ ಹೇಳ್ತಿ ಅಪ್ಪಾ?”

“ನಾ ಕಣ್ಣಾರೆ ನೋಡೀನವಾ. ಕಡತದಾಗ ಇತ್ತು.”

“ಆ ಪುಸ್ತಕಾನೂ ನಾ ಕಣ್ಣಾರೆ ನೋಡೀನಿ.” ಅವಳು ಚೀಟಿಯನ್ನು ಗೋಧಿಯ ಮೇಲಿಟ್ಟಳು. “ಗದಗಿನ ಭಾಷೆದಾಗ ಮಾಡಿ ಕೊಡ್ತೀವಿ ಅಂದ್ರಂತಲ್ಲ. ನೀ ಹ್ವಾದಿ, ತಕರಾರ ಮಾಡಿದಿ, ಹಿಂಗೊಂದು ಮಾಡಿ ಕೊಟ್ರು. ಅಲ್ಲಂತ ಹೇಳು ನೋಡೂಣು.”

ತಸ್ಲೀಮಾ ಒಳ್ಳೆಯವಳು ಎಂದೆ. ಹೊತ್ತು ನಮೂದಾಗಿದೆ ಎಂದೆ. ನನ್ನ ಕಿವಿಗೇ ಆ ಮಾತುಗಳು ಟೊಳ್ಳಾಗಿ ಕೇಳಿದವು. ಇದನ್ನೇ ನಾನು ಕ್ಷಮಿಸಲಾರೆ. ಅವರು ಸತ್ತವಳ ಮಾತನ್ನು ಅಳಿಸಿದರು, ಅದು ಕಲಿಯುವ ಹುಡುಗರ ತಪ್ಪು. ಆದರೆ ಉಳಿದ ಒಂದೇ ಒಂದು ನಿಜವನ್ನೂ ಮುಟ್ಟಲಾಗದಂತೆ ಎಂಜಲು ಮಾಡಿಟ್ಟರು.

ಗಣಾರಾಧನೆಯ ದಿನ ಮನೆ ತುಂಬ ಜನ. ಜಂಗಮರ ಪಾದಪೂಜೆ ಮುಗಿಯಿತು. ಪಂಕ್ತಿ ಕೂರುವ ಮೊದಲು ಪಂಪಾಪತಿ ಜಗಲಿಯಿಂದ ಪುಸ್ತಕ ತೆಗೆದುಕೊಂಡು ಎದ್ದುನಿಂತ. ಅವನಿಗೆ ನಾನು ಎಲ್ಲವನ್ನೂ ಹೇಳಿದ್ದೆ. “ಮಾವಾರ, ಮಂದಿಗೇನ ಗೊತ್ತಾಗತೈತಿ? ಚಲೋ ಮಾತು ಚಲೋನ ಅಲ್ಲೇನ್ರಿ?” ಎಂದಿದ್ದ. ಗಂಟಲು ಸರಿಮಾಡಿಕೊಂಡು ಓದತೊಡಗಿದ. ‘ಪತಿದೇವರೇ, ನಿಮ್ಮ ಪಾದಸೇವೆಯೇ ನನಗೆ ಕೈಲಾಸ...’

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗಲವ್ವನ ಬಾಯಿಗೆ ಅಂಜಿ ಒಂದು ಕಾಲದಲ್ಲಿ ಓಣಿ ಬದಲಿಸುತ್ತಿದ್ದವರು, “ಎಂಥಾ ಸಾಧ್ವಿ!” ಎಂದರು. ಏಳಬೇಕೆಂದು ಗೋಡೆ ಹಿಡಿದೆ.

ಆಗ ಅಡುಗೆಮನೆಯ ಬಾಗಿಲಲ್ಲಿ ಶಾಂಭವಿ ಬಂದು ನಿಂತಳು. ಕೈಯಲ್ಲಿ ಸಾರಿನ ಸೌಟು ಇತ್ತು. ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, ಮನೆಯೆಲ್ಲ ಕೇಳುವಂತೆ ಹೇಳಿದಳು:

“ಅಪ್ಪಾ, ನಿನ್ನ ಅಳಿಯಗ ಹೇಳು, ಪುಸ್ತಕ ಮುಚ್ಚಂತ. ಸಾರು ಆರಾಕತ್ತೈತಿ.”

ಯಾವುದೋ ಮುದುಕಿ, “ಥೇಟ್ ಅವರವ್ವನ ನೋಡಽ ಇಕಿ!” ಎಂದಳು. ಪಂಪಾಪತಿ ಪುಸ್ತಕ ಮುಚ್ಚಿದ. ನಾನು ಅದನ್ನು ತೆಗೆದುಕೊಂಡು ಅಟ್ಟದ ಮೇಲೆ ಎಸೆದೆ. ಪುಟಪುಟದಲ್ಲಿ ಶಿವನ ಹೆಸರಿರುವುದರಿಂದ ಒಲೆಗೆ ಹಾಕಲು ಕೈ ಬರಲಿಲ್ಲ. ಅಲ್ಲಿ ಇಲಿಗಳಿವೆ, ಅವಕ್ಕೆ ಮಡಿ ಮೈಲಿಗೆ ಇಲ್ಲ.

ಚೀಟಿಯ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. ಅದು ಎಲ್ಲಿ ಹೋಯಿತೆಂದು ನಾನೂ ಕೇಳಲಿಲ್ಲ. ಶಿವರಾತ್ರಿ ಕಳೆಯಿತು. ಕೇಂದ್ರದವರು ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು, ಅದಕ್ಕೂ ಮುಹೂರ್ತ, ಅದಕ್ಕೂ ಪೇಢೆ. ನನಗೆ ಬಂದ ಕರೆಯೋಲೆಯನ್ನು ಮುಟ್ಟದೆ ಕಡ್ಡಿಯಿಂದ ಹೊರಗೆ ತಳ್ಳಿದೆ.

ಬಿಸಿಲು ಏರಿತು. ಒಂದು ಮಧ್ಯಾಹ್ನ ಹಂಚು ಕಾದು ಮನೆಯೊಳಗೆ ಕೂರಲಾಗುತ್ತಿರಲಿಲ್ಲ. ವಿದ್ಯುತ್ತೂ ಹೋಗಿತ್ತು. ನೀರು ಕುಡಿಯಲು ಎದ್ದವನು ನಾಗಲವ್ವನ ಕೋಣೆಯ ಬಾಗಿಲಲ್ಲಿ ನಿಂತೆ. ಶಾಂಭವಿ ತಾಯಿಯ ಮಂಚದ ಪಕ್ಕ, ಆ ರಾತ್ರಿ ಮಲಗಿದ ಜಾಗದಲ್ಲೇ, ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಹಣೆ, ಕುತ್ತಿಗೆ ಬೆವರಿನಿಂದ ತೋಯ್ದಿದ್ದವು.

ತಾಯಿಯ ಕರಿಯ ಕಂಬಳಿಯನ್ನು ಕಾಲ ಮೇಲೆ, ಬೆರಳೂ ಕಾಣದಂತೆ, ಎಳೆದುಕೊಂಡಿದ್ದಳು.